ಏಕಾದಶಿ ದಿನ ಕೇಳಿದ ಕುಕ್ಕರ್ ಸೀಟಿ

ನಮ್ಮ ಯಜಮಾನರ ತಲೆ ಕೆಟ್ಟಿರಲಿಲ್ಲ. ಕೆಟ್ಟಿದ್ದು ಮೊಮ್ಮಗಳು ಬರೆದ ಕಂಪ್ಯೂಟರ್ ಪ್ರೋಗ್ರಾಂ. ಅದೂ ಪೂರಾ ಕೆಟ್ಟಿರಲಿಲ್ಲ, ತಾನು ಯಾವ ಜಾಗದಲ್ಲಿ ಇದ್ದೇನೆ ಅನ್ನುವುದು ಅದಕ್ಕೆ ಗೊತ್ತಿರಲಿಲ್ಲ. ನಡೆದದ್ದು ಇಷ್ಟೇ. ಇಷ್ಟಕ್ಕೆ ಮನೆಮಂದಿಯೆಲ್ಲ ಕೂಡಿ ಒಬ್ಬ ನೆಟ್ಟಗಿರುವ ಮನುಷ್ಯನನ್ನು ತಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ತಯಾರಾಗಿದ್ದರು.

ನಾನು ಯಾರನ್ನೂ ಬೇಗ ನಂಬುವವಳಲ್ಲ. ಪುಣೆ ಹತ್ತಿರದ ಈ ಭೋಸರಿಗೆ ಬಂದ ಹೊಸದರಲ್ಲಿ ಕಾಯಿಪಲ್ಲೆ ಮಾರುವವನ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಿದ್ದೆ, ಈಗಲೂ ನೋಡುತ್ತೇನೆ. ಅದಕ್ಕೆ ಮನೆಯಲ್ಲಿ ನನಗೆ ಪೊಲೀಸು ಅನ್ನುತ್ತಾರೆ. ಅನ್ನಲಿ. ಆ ವಾರ ಈ ಮನೆಯಲ್ಲಿ ಒಬ್ಬ ಪೊಲೀಸು ಬೇಕಾಗಿತ್ತು.

ಮೊದಲಿನಿಂದ ಹೇಳುತ್ತೇನೆ. ಇವರಿಗೆ ಸಕ್ಕರೆ ಕಾಯಿಲೆ, ಅದು ಕಣ್ಣಿಗೂ ಇಳಿದಿದೆ. ಬೆಳಕು, ನೆರಳು ತಿಳಿಯುತ್ತದೆ, ಮನುಷ್ಯರ ಆಕಾರ ತಿಳಿಯುತ್ತದೆ, ಓದಲು ಬರುವುದಿಲ್ಲ. ಗುಳಿಗೆ ಗುರುತು ಹಿಡಿಯುವುದು ಬೆರಳಿನಿಂದ. ಒಂದು ದೊಡ್ಡದು, ಸಕ್ಕರೆ ಇಳಿಸುವುದು. ಇನ್ನೊಂದು ಸಣ್ಣದು, ಬಿಪಿಗೆ. ಎರಡನ್ನೂ ಮುಂಜಾನೆ ತಿಂಡಿ ಆದ ಮೇಲೆ ತೆಗೆದುಕೊಳ್ಳಬೇಕು. ಆದರೆ ಇವರು ಏಕಾದಶಿ ಬಿಟ್ಟವರಲ್ಲ. ಮೀಸೆ ಬರುವ ಮುಂಚಿನಿಂದ ಹಿಡಿದದ್ದು. ಅವತ್ತು ಕಾಳು ಕಡಿ, ಅನ್ನ, ರೊಟ್ಟಿ ಏನೂ ಮುಟ್ಟುವುದಿಲ್ಲ, ಮುಂಜಾನೆ ಬರೇ ನೀರು, ಮಧ್ಯಾಹ್ನ ಎರಡು ಬಾಳೆಹಣ್ಣು. ನಮ್ಮ ಓಣಿಯ ಡಾಕ್ಟರು ಅದಕ್ಕೂ ಒಂದು ದಾರಿ ಹೇಳಿದ್ದರು: ಉಪವಾಸದ ದಿನ ದೊಡ್ಡ ಗುಳಿಗೆ ಮುಟ್ಟಬಾರದು, ಸಣ್ಣದಷ್ಟೇ.

ಈ ಮಾತನ್ನು ಹೇಳಲಿಕ್ಕೆ ಮುಂಜಾನೆ ಮನೆಯಲ್ಲಿ ಯಾರೂ ಇರುವುದಿಲ್ಲ. ನಾನು ನಸುಕಿನಲ್ಲೇ ರೊಟ್ಟಿ ಕೇಂದ್ರಕ್ಕೆ ಹೋಗುತ್ತೇನೆ. ಕಾರ್ಖಾನೆ ಹುಡುಗರ ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿಯುವ ಕೆಲಸ. ಮಗ ಲೇತ್ ಮಷೀನಿನ ಮೇಲೆ, ಸೊಸೆ ಇನ್ನೊಂದು ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ, ಮೊಮ್ಮಗಳು ಕಾಲೇಜಿಗೆ. ಮೊಬೈಲಿಗೆ ಅಲಾರಂ ಇಟ್ಟು ನೋಡಿದೆವು. ಅದು ಕೂಗಿದರೆ ಇವರು ಅದನ್ನು ಕಿವಿಗೆ ಹಿಡಿದು, ಯಾರ್ರಿ ಮಾತಾಡೋದು ಅಂತ ಕೇಳುತ್ತ ಕೂರುತ್ತಿದ್ದರು.

ಆಗ ಮೊಮ್ಮಗಳು ಒಂದು ಯುಕ್ತಿ ತೆಗೆದಳು. ಮಗನ ಕಾರ್ಖಾನೆಯವರು ಬೇಡವೆಂದು ಕೊಟ್ಟ ಹಳೆಯ ಲ್ಯಾಪ್‌ಟಾಪ್ ಒಂದು ನಮ್ಮಲ್ಲಿ ಹೊಲಿಗೆ ಮಷೀನಿನ ಮೇಲೆ ಬಿದ್ದಿತ್ತು. ಅದರಲ್ಲಿ ನನ್ನ ದನಿ ತುಂಬಿಸಿ, ಹೊತ್ತಿಗೆ ಸರಿಯಾಗಿ ಅದೇ ಮಾತಾಡುವ ಹಾಗೆ ಮಾಡಿದಳು. ಪೈಥಾನ್ ಅನ್ನುವ ಭಾಷೆಯಲ್ಲಿ ಬರೆದೆ ಅಂದಳು. ಹಾವಿನ ಹೆಸರು ಅಂತ ಸೊಸೆ ಹೇಳಿದಳು. ಮನೆಗೆ ಹಾವು ಯಾಕೆ ತಂದೆ ಅಂತ ನಾನು ಅವತ್ತೇ ಕೇಳಿದ್ದೆ.

ಎರಡು ಮಾತು ತುಂಬಿಸಿದ್ದಳು. ದಿನಾ ಹೇಳುವುದು: "ಏನ್ರೀ, ಕೇಳಿಸ್ತೇನ್ರಿ? ತಿಂಡಿ ತಿಂದು ದೊಡ್ಡ ಗುಳಿಗಿ, ಸಣ್ಣ ಗುಳಿಗಿ ಎರಡೂ ತಗೋರಿ." ಏಕಾದಶಿಗೆ ಹೇಳುವುದು: "ಇವತ್ತ ಏಕಾದಶಿ ಅದರಿ. ದೊಡ್ಡ ಗುಳಿಗಿ ಮುಟ್ಟಬ್ಯಾಡ್ರಿ. ಸಣ್ಣದಷ್ಟ ತಗೋರಿ." ಪಂಚಾಂಗ ನೋಡಿ ಏಕಾದಶಿ ಯಾವ ಯಾವ ದಿನ ಬರುತ್ತದೆ ಅನ್ನುವುದನ್ನೂ ಅದಕ್ಕೆ ಹೇಳಿಕೊಟ್ಟಿದ್ದಳು. ಇವರಿಗೆ ಅದು ಭಾಳ ಹಿಡಿಸಿತು. ಅದು ಒಂದೇ ಸಲ ಹೇಳಿ ಸುಮ್ಮನಾಗುತ್ತದಂತೆ, ನಾನು ಆಗುವುದಿಲ್ಲವಂತೆ. ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದರು. ಕೆಲವು ತಿಂಗಳು ಚೆನ್ನಾಗಿ ನಡೆಯಿತು.

ಒಂದು ಏಕಾದಶಿ ಮುಂಜಾನೆ ನಾನು ಹಿಟ್ಟು ನಾದುತ್ತಿದ್ದಾಗ ಓಣಿಯಿಂದ ಫೋನು ಬಂತು. ಇವರು ವಿಠ್ಠಲನ ಗುಡಿಗೆ ಹೊರಟವರು ಜಿನೆದ ಮೆಟ್ಟಿಲ ಮೇಲೇ ಕುಸಿದು ಕೂತಿದ್ದಾರೆ, ಅಂಗಿಯೆಲ್ಲ ಬೆವರು, ಕೈ ನಡುಗುತ್ತದೆ ಅಂತ. ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಕೆಳಮನೆಯ ಮರಾಠಿ ಬಾಯಿ ಆಗಲೇ ಸಕ್ಕರೆ ನೀರು ಕುಡಿಸಿದ್ದಳು. ಅವಳ ಪುಣ್ಯ. ಇವರಿಗೆ ಮೈ ಹಗುರಾದ ಕೂಡಲೆ ಬಾಯಿಂದ ಬಂದ ಮಾತು ಉಪವಾಸ ಮುರೀತಲ್ಲ ಅನ್ನುವುದು. ಬಿದ್ದದ್ದಕ್ಕಲ್ಲ, ಆ ಸಕ್ಕರೆ ನೀರಿಗೆ ಮರುಗಿದರು.

ಡಾಕ್ಟರು ಬಂದು ನೋಡಿ, ಬರಿ ಹೊಟ್ಟೆಯಲ್ಲಿ ದೊಡ್ಡ ಗುಳಿಗೆ ನುಂಗಿದ್ದಾರೆ, ಅದಕ್ಕೇ ಸಕ್ಕರೆ ಇಳಿದಿದೆ ಅಂದರು. ದಿನಕ್ಕೊಂದು ಖಾನೆ ಇರುವ ಗುಳಿಗೆ ಡಬ್ಬಿ ತೆಗೆದು ನೋಡಿದರೆ ಅವತ್ತಿನ ಖಾನೆಯಲ್ಲಿ ದೊಡ್ಡದು ಇರಲಿಲ್ಲ. ಮಗ ಕೆಲಸ ಬಿಟ್ಟು ಬಂದಿದ್ದ. ಯಾಕೆ ನುಂಗಿದಿ ಅಂತ ಕೇಳಿದ.

"ನಿಮ್ಮವ್ವ ಹೇಳಿದಳು," ಅಂದರು ಇವರು. "ಎರಡೂ ತಗೋರಿ ಅಂದಳು."

"ಅವ್ವ ಮನ್ಯಾಗ ಇರಲಿಲ್ಲಪಾ."

"ಪೆಟಗ್ಯಾಗಿನ ಅವ್ವ."

ಮೊಮ್ಮಗಳನ್ನು ಕಾಲೇಜಿನಿಂದ ಕರೆಸಿದರು. ಅವಳು ಲ್ಯಾಪ್‌ಟಾಪಿನ ಮುಂದೆ ಕೂತು ಏನೋ ಟಕಟಕ ಒತ್ತಿದಳು. ನನ್ನ ದನಿ ಬಂತು: ಇವತ್ತ ಏಕಾದಶಿ ಅದರಿ, ದೊಡ್ಡ ಗುಳಿಗಿ ಮುಟ್ಟಬ್ಯಾಡ್ರಿ. ಸರಿಯಾಗಿಯೇ ಹೇಳಿತು. ಮಗ ಇನ್ನೊಮ್ಮೆ ಹಚ್ಚು ಅಂದ, ಇನ್ನೊಮ್ಮೆಯೂ ಅದೇ. ಎಲ್ಲರೂ ಇವರ ಕಡೆ ತಿರುಗಿ ನೋಡಿದರು. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು, ತಿರುಗದೆಯೇ ಹೇಳಿದರು, "ಇದಲ್ಲ. ಮುಂಜಾನೆ ಹೇಳಿದ್ದರಾಗ ಸೀಟಿ ಇತ್ತು."

"ಯಾವ ಸೀಟಿ?"

"ಕುಕ್ಕರಿಂದು."

ಅಲ್ಲಿಗೆ ಮುಗಿಯಿತು ನೋಡಿ. ಏಕಾದಶಿ ದಿನ ನಮ್ಮ ಮನೆಯಲ್ಲಿ ಅನ್ನ ಮಾಡುವುದಿಲ್ಲ, ಕುಕ್ಕರ್ ಒಲೆ ಹತ್ತುವುದಿಲ್ಲ. ಹಿಂದಿನ ದಿನವೇ ತಿಕ್ಕಿ ಫಳಿಯ ಮೇಲೆ ಬೋರಲು ಹಾಕಿರುತ್ತೇನೆ. ಅವತ್ತೂ ಹಾಗೇ ಬೋರಲಾಗಿತ್ತು. ಮಗ ಅಡಿಗೆಮನೆಗೆ ಹೋಗಿ ಅದನ್ನು ನೋಡಿ ಬಂದ. ಬಂದು ನನ್ನನ್ನು ಹೊರಗೆ ಕರೆದು, ಅವ್ವ, ಅಪ್ಪಗ ಇಲ್ಲದ ಸಪ್ಪಳ ಕೇಳಸಾಕ ಹತ್ಯದ ಅಂದ. ಅವನ ಜೊತೆ ಕೆಲಸ ಮಾಡುವವನ ತಂದೆಗೂ ಹೀಗೇ ಶುರುವಾಗಿತ್ತಂತೆ. ಮೊದಲು ಸಪ್ಪಳ, ಆಮೇಲೆ ಮನೆಯ ದಾರಿ ಮರೆತದ್ದು, ಆಮೇಲೆ ಮಕ್ಕಳ ಹೆಸರು.

ಸಂಜೆಯೊಳಗೆ ಎಲ್ಲ ನಿಕಾಲಿ ಮಾಡಿಬಿಟ್ಟ. ಗುಳಿಗೆ ಡಬ್ಬಿ ಅವನ ಕಬ್ಬಿಣದ ಕಪಾಟು, ಆ ಟ್ರೆಜುರಿಯಲ್ಲಿ, ಕೀಲಿ ಅವನ ಕಿಸೆಯಲ್ಲಿ. ಗುಡಿಗೆ ಒಬ್ಬರೇ ಹೋಗುವುದು ಬಂದ್. ಏಕಾದಶಿ ಬಂದ್. ಲ್ಯಾಪ್‌ಟಾಪ್ ಬಂದ್. ಮುಂದಿನ ಸೋಮವಾರ ತಲೆ ಡಾಕ್ಟರಿಗೆ ತೋರಿಸುವುದು. ಇವರು ಯಾವುದಕ್ಕೂ ಬೇಡ ಅನ್ನಲಿಲ್ಲ. ಗುಡಿ ಬಂದ್ ಅಂದಾಗ ಮಾತ್ರ ಕೋಲನ್ನು ತೆಗೆದು ಮಂಚದ ಕೆಳಗೆ ದೂಡಿದರು. ಅದನ್ನು ನಾನು ನೋಡಿದೆ. ಮಗ ನೋಡಲಿಲ್ಲ, ಫೋನಿನಲ್ಲಿ ಡಾಕ್ಟರ ಸರತಿ ಹಿಡಿಯುತ್ತಿದ್ದ.

ನನಗೆ ಯಾವುದೂ ಸರಿ ಕಾಣಲಿಲ್ಲ. ಮರುದಿನದಿಂದ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ನಿಲ್ಲಿಸಿ ನೋಡಿದೆ.

ಮೊದಲು ಇವರನ್ನೇ. ಇವರು ಸುಳ್ಳು ಹೇಳದ ಮನುಷ್ಯರೇನಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ಸಡಿಲಾಗಿದ್ದರೆ ಇರುವೆಯ ಮೇಲೆ ಹಾಕುತ್ತಾರೆ. ಕೆಳಮನೆಯವರ ಹೋಳಿಗೆ ತಿಂದು ಬಂದು ಹಸಿವಿಲ್ಲ ಅನ್ನುತ್ತಾರೆ. ಆದರೆ ಏಕಾದಶಿ ದಿನ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಅವತ್ತು ಬೈದರೂ ತಿರುಗಿ ಬೈಯುವುದಿಲ್ಲ, ಜಗಳಾಡಬೇಕೆಂದರೆ ದ್ವಾದಶಿಯ ತನಕ ಕಾಯಬೇಕು. ತಲೆ ಕೆಟ್ಟಿದೆಯೋ ನೋಡೋಣ ಅಂತ ಮಾತಿಗೆಳೆದೆ. ನಮ್ಮ ಲಗ್ನದಲ್ಲಿ ನನ್ನ ತವರಿನವರು ಕೊಟ್ಟ ಧೋತರ ಹೇಗಿತ್ತು ಅಂತ ಕೇಳಿದೆ. ಗಿಡ್ಡ ಇತ್ತು, ಮೊಣಕಾಲು ಕಾಣ್ತಿದ್ದವು, ನಿಮ್ಮ ಮಂದಿ ಜಿಪುಣರು ಅಂದರು. ತಲೆ ನೆಟ್ಟಗಿತ್ತು.

ಆಮೇಲೆ ಸೊಸೆ. ಅವಳು ಕೆಟ್ಟವಳಲ್ಲ, ಹಾಗಂತ ನಾನು ಅವಳನ್ನು ಪೂರಾ ಬಿಟ್ಟುಕೊಟ್ಟವಳೂ ಅಲ್ಲ. ಮಾವನವರು ಒಬ್ಬರೇ ಗುಡಿಗೆ ಹೋಗುವುದು ಅವಳಿಗೆ ಸೇರುತ್ತಿರಲಿಲ್ಲ. ಟೆಂಪೋ ಓಡಾಡುವ ದಾರಿ, ಏನಾದರೂ ಆದರೆ ಮಂದಿ ಸೊಸೆಯನ್ನೇ ಅನ್ನುತ್ತಾರೆ ಅಂತ ಎಷ್ಟೋ ಸಲ ಅಂದಿದ್ದಾಳೆ. ಈಗ ಗುಡಿ ಬಂದ್ ಆಯಿತು, ಅವಳು ಅಂದುಕೊಂಡ ಹಾಗೇ. ಇಷ್ಟೇ ಅಲ್ಲ. ಏಕಾದಶಿಯ ಹಿಂದಿನ ಸಂಜೆ ಕರೆಂಟು ಹೋಗಿ ಬಂದಿತ್ತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ಕರೆಂಟು ಹೋದರೆ ಅದೂ ಹೋಗುತ್ತದೆ. ಆಗ ಅದನ್ನು ಮತ್ತೆ ಚಾಲೂ ಮಾಡಿದವಳು ಸೊಸೆ. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನೋಡಿದ್ದೆ.

ಮೊಮ್ಮಗಳ ಮೇಲೂ ಸಂಶಯ ಬಂತು. ಅವತ್ತು ಎಲ್ಲರ ಮುಂದೆ ತೋರಿಸುವಾಗ ಅವಳ ಕೈ ಭಾಳ ಜೋರಾಗಿ ಓಡಿತು. ಜೋರಾಗಿ ಓಡುವ ಕೈಯನ್ನು ನಾನು ನಂಬುವುದಿಲ್ಲ, ಕಾಯಿಪಲ್ಲೆಯವನದಾದರೂ ಸರಿ, ಮೊಮ್ಮಗಳದಾದರೂ ಸರಿ.

ಆದರೆ ನನ್ನ ಮನಸ್ಸು ತಿರುತಿರುಗಿ ಆ ಸೀಟಿಗೇ ಬಂದು ನಿಲ್ಲುತ್ತಿತ್ತು. ಸುಳ್ಳು ಹೇಳುವವರಾದರೆ ಇವರು ಸೀಟಿಯನ್ನು ಯಾಕೆ ಸೇರಿಸಬೇಕು? ಅದರಿಂದ ಅವರಿಗೇ ಕೆಟ್ಟದಾಯಿತಲ್ಲ. ಶನಿವಾರ ರೊಟ್ಟಿ ಬಡಿಯುತ್ತ ಕೂತಿದ್ದಾಗ ಪಕ್ಕದ ಒಲೆಯ ಮೇಲೆ ಯಾರೋ ಬೇಳೆಗೆ ಕುಕ್ಕರ್ ಇಟ್ಟಿದ್ದರು, ಅದು ಕೂಗಿತು. ಕೂಗಿದ ಕೂಡಲೆ ನೆನಪಾಯಿತು. ದನಿ ತುಂಬಿಸಿದ ಮೊದಲ ದಿನ ಮೊಮ್ಮಗಳು ಫೋನು ಹಿಡಿದು ಅಡಿಗೆಮನೆಗೇ ಬಂದಿದ್ದಳು. ನಾನು ಮಾತಾಡುವಾಗ ಹಿಂದಿನಿಂದ ಕುಕ್ಕರ್ ಕೂಗಿತ್ತು. ಇರಲಿ ಅಜ್ಜಿ, ಇದು ಬರೇ ಪರೀಕ್ಷಾಕ್ಕ, ಆಮ್ಯಾಲೆ ಛಲೋದು ಮಾಡೂಣು ಅಂದಿದ್ದಳು. ಮುಂದೆ ಒಂದು ಮಧ್ಯಾಹ್ನ ಒಳಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಹೊಸದಾಗಿ ತುಂಬಿಸಿದೆವು. ಅದರಲ್ಲಿ ಸೀಟಿ ಇಲ್ಲ.

ಅಂದರೆ ಸೀಟಿ ಇರುವ ನನ್ನ ದನಿ ಒಂದು ಈ ಲೋಕದಲ್ಲಿ ಇತ್ತು. ಇವರು ಕಟ್ಟಿ ಹೇಳಿದ್ದಲ್ಲ. ಮುಂದಿನ ರೊಟ್ಟಿಯನ್ನು ನಾನು ಹರಿದೇ ಬಿಟ್ಟೆ.

ಭಾನುವಾರ ಎಲ್ಲರೂ ಮನೆಯಲ್ಲಿ ಇರುತ್ತಾರೆ. ಊಟ ಆದ ಮೇಲೆ ಮೊಮ್ಮಗಳನ್ನು ಕೇಳಿದೆ, ಆ ಸೀಟಿ ಇದ್ದ ದನಿ ಎಲ್ಲಿ ಹೋಯಿತು ಅಂತ. ಅಳಿಸಿದ್ದೇನೆ ಅಂದಳು. ಎಲ್ಲಿಂದ ಅಳಿಸಿದ್ದೀ ತೋರಿಸು ಅಂದೆ. ಅಳಿಸಿದ್ದನ್ನು ಹೇಗೆ ತೋರಿಸಲಿ ಅಂತ ನಕ್ಕಳು. ನಾನು ನಗಲಿಲ್ಲ. ಲ್ಯಾಪ್‌ಟಾಪ್ ಚಾಲೂ ಮಾಡಿಸಿ, ಅವಳಿಗೆ ಕೈ ಹಚ್ಚಬೇಡ ಅಂತ ಹೇಳಿ, ಸೊಸೆಯನ್ನು ಕರೆದೆ. ಕರೆಂಟು ಹೋದ ಸಂಜೆ ನೀನು ಹೇಗೆ ಹಚ್ಚಿದ್ದೆಯೋ ಹಾಗೇ ಹಚ್ಚು, ಹೆಚ್ಚು ಕಡಿಮೆ ಮಾಡಬೇಡ ಅಂದೆ.

ಸೊಸೆಗೆ ಸಿಟ್ಟು ಬಂತು. "ಅಂದ್ರ ನಾ ಮಾವನ್ನ ಕೆಡವಿದೆ ಅಂತೀರೇನು ಅತ್ತಿ?"

"ಕೆಡವಿದ್ರ ಈಗ ಗೊತ್ತಾಗ್ತದ. ಕೆಡವಿಲ್ಲ ಅಂದ್ರನೂ ಈಗ ಗೊತ್ತಾಗ್ತದ. ಹಚ್ಚು."

ಪರದೆಯ ಮೇಲೆ ನನ್ನ ಫೋಟೋ ಹಚ್ಚಿದ ಒಂದು ಸಣ್ಣ ಗುಂಡಿ ಇತ್ತು. ಮೊಮ್ಮಗಳೇ ಮಾಡಿಟ್ಟದ್ದು. ಸೊಸೆ ಅದರ ಮೇಲೆ ಎರಡು ಸಲ ಒತ್ತಿ ಕೈ ಕಟ್ಟಿಕೊಂಡು ನಿಂತಳು. ಮೊಮ್ಮಗಳು, ಹೊತ್ತು ಕಾಯದೆ ಕೂಡಲೇ ಮಾತಾಡಲಿ ಅಂತ, ನನ್ನ ಅಪ್ಪಣೆ ಕೇಳಿ ಲ್ಯಾಪ್‌ಟಾಪಿನ ಒಂದು ಕೀಲಿ ಒತ್ತಿದಳು.

ಏನ್ರೀ, ಕೇಳಿಸ್ತೇನ್ರಿ, ಅಂದಿತು ನನ್ನ ದನಿ. ತಿಂಡಿ ತಿಂದು ದೊಡ್ಡ ಗುಳಿಗಿ ಅನ್ನುವಷ್ಟರಲ್ಲಿ ಹಿಂದಿನಿಂದ ಕುಕ್ಕರ್ ಕೂಗಿತು. ಉದ್ದಕ್ಕೆ, ಚೆನ್ನಾಗಿ ಕೂಗಿತು.

ಇವರು ಮಂಚದ ಮೇಲೆ ಎದ್ದು ಕೂತು, "ಇದ. ಇದ ಸೀಟಿ," ಅಂದರು.

ಮೊಮ್ಮಗಳು ಓಡಿ ಬಂದು ತಾನು ಹಚ್ಚಿ ನೋಡಿದಳು. ಅವಳು ಹಚ್ಚಿದರೆ ಸೀಟಿ ಇಲ್ಲ. ಸೊಸೆ ಹಚ್ಚಿದರೆ ಸೀಟಿ. ಅದೇ ಲ್ಯಾಪ್‌ಟಾಪ್, ಅದೇ ಪ್ರೋಗ್ರಾಂ, ಕೈ ಬದಲಾದರೆ ಮಾತು ಬದಲಾಗುತ್ತದೆ. ನಾನು ಸೊಸೆಯ ಮುಖ ನೋಡಿದೆ. ನೋಡಬಾರದಿತ್ತು ಅಂತ ನೀವು ಅಂದರೆ ಅನ್ನಿ, ನಾನಂತೂ ನೋಡಿದೆ. ಅವಳು ನನ್ನ ಮುಖ ನೋಡಿ, ನನ್ನ ಕೈಯಾಗ ಅಂಥಾದ್ದೇನರೆ ಇದ್ದಿದ್ರ ಮೊದಲ ನಿಮ್ಮ ಬಾಯಿ ಬಂದ್ ಮಾಡಸ್ತಿದ್ದೆ ಅತ್ತಿ ಅಂದಳು. ಮಗ ನಕ್ಕುಬಿಟ್ಟ. ಆ ವಾರದಲ್ಲಿ ಮೊದಲ ಸಲ ನಕ್ಕದ್ದು.

ಅಷ್ಟರಲ್ಲಿ ಮೊಮ್ಮಗಳು ಎರಡೂ ಕೈಯಿಂದ ತಲೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಅಮ್ಮನ ತಪ್ಪಲ್ಲ, ನಂದು ಅಂದಳು. ಏನು ತಪ್ಪು, ನನಗೆ ತಿಳಿಯುವ ಹಾಗೆ ಹೇಳು ಅಂದೆ. ಅವಳು ಹೇಳಿದ್ದು ಇಷ್ಟು.

ಕಂಪ್ಯೂಟರಿನೊಳಗೆ ಫೋಲ್ಡರ್ ಅಂತ ಇರುತ್ತವೆ, ಒಂದೊಂದು ಒಂದೊಂದು ಖೋಲಿ ಅಂದುಕೊಳ್ಳಿ. ಪ್ರೋಗ್ರಾಂ ಮತ್ತು ಸೀಟಿ ಇಲ್ಲದ ಒಳ್ಳೆಯ ದನಿಗಳು ಒಂದು ಖೋಲಿಯಲ್ಲಿ. ಪರೀಕ್ಷೆಗೆ ತುಂಬಿಸಿದ ಹಳೆಯ ದನಿಗಳು ಹೊರಗಿನ ಪಡಸಾಲೆಯಲ್ಲಿ ಹಾಗೇ ಉಳಿದಿದ್ದವು. ಅಳಿಸಿದ್ದೇನೆ ಅಂತ ಅವಳು ತಿಳಿದಿದ್ದಳು. ಎರಡೂ ಕಡೆ ಹೆಸರು ಒಂದೇ. ಪರೀಕ್ಷೆಗೆ ಅಂತ ಏಕಾದಶಿಯ ಹೆಸರಿನಲ್ಲೂ ಆ ಸೀಟಿಯ ಮಾತನ್ನೇ ಇಟ್ಟಿದ್ದಳು, ದನಿ ಬರುತ್ತದೋ ಇಲ್ಲವೋ ನೋಡಲಿಕ್ಕೆ. ಪ್ರೋಗ್ರಾಮಿನಲ್ಲಿ ಅವಳು ಬರೇ ದನಿಯ ಹೆಸರು ಬರೆದಿದ್ದಳು, ಯಾವ ಖೋಲಿಯದು ಅಂತ ಬರೆದಿರಲಿಲ್ಲ.

"ನಾ ತಿಳ್ಕೊಂಡಿದ್ದೆ ಅಜ್ಜಿ, ಸ್ಕ್ರಿಪ್ಟ್ ಎಲ್ಲಿ ಇರ್ತದೋ ಅಲ್ಲೇ ಹುಡುಕತದ ಅಂತ. ಹಂಗಿಲ್ಲ. ಅದನ್ನ ಕರಿಯೋರು ಎಲ್ಲಿ ನಿಂತು ಕರೀತಾರೋ ಅಲ್ಲಿ ಹುಡುಕತದ."

ಅವಳು ಹಚ್ಚಿದಾಗಲೆಲ್ಲ ಆ ಖೋಲಿಯೊಳಗೆ ಹೋಗಿ, ಅಲ್ಲಿ ನಿಂತು ಪ್ರೋಗ್ರಾಂ ನಡೆಸುತ್ತಿದ್ದಳು, ಹಾಗಾಗಿ ಒಳ್ಳೆಯ ದನಿ ಸಿಗುತ್ತಿತ್ತು. ಕರೆಂಟು ಹೋದ ಸಂಜೆಯ ತನಕ ಯಾರೂ ಮುಟ್ಟದಿದ್ದ ಆ ಗುಂಡಿ ಒತ್ತಿದರೆ ಪಡಸಾಲೆಯಲ್ಲಿ ನಿಂತು ಕರೆದ ಹಾಗೆ. ಪ್ರೋಗ್ರಾಂ ಪಡಸಾಲೆಯಲ್ಲೇ ತಡಕಾಡಿ, ಅದೇ ಹೆಸರಿನ ಸೀಟಿಯ ದನಿ ಸಿಕ್ಕಿತು ಅಂತ ಅದನ್ನೇ ನುಡಿಸಿತು. ಸಿಗದೆ ಹೋಗಿದ್ದರೆ ಎರರ್ ಅಂತ ಬರುತ್ತಿತ್ತು, ನಮಗೆ ತಿಳಿಯುತ್ತಿತ್ತು. ಸಿಕ್ಕಿದ್ದೇ ಕೇಡು.

ನನಗೆ ಇದು ತಿಳಿಯಿತು. ರೊಟ್ಟಿ ಕೇಂದ್ರಕ್ಕೆ ಹೊಸ ಹೆಂಗಸು ಬಂದಾಗ ಬಾಗಿಲ ಬಲಕ್ಕಿರುವ ಡಬ್ಬಿಯಿಂದ ಹಿಟ್ಟು ತಾ ಅಂತ ಹೇಳಿದರೆ, ಅವಳು ತಾನು ನಿಂತ ಬಾಗಿಲ ಬಲಕ್ಕೆ ಕೈ ಹಾಕುತ್ತಾಳೆ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದರೆ ಅಲ್ಲಿ ಬಲಕ್ಕಿರುವುದು ಸೋಡಾ ಡಬ್ಬಿ. ಅದೂ ಬೆಳ್ಳಗೇ ಇರುತ್ತದೆ. ಒಮ್ಮೆ ಹಾಗೆ ಆಗಿ ಅರ್ಧ ಭೋಸರಿ ಅವತ್ತು ಹಳದಿ ರೊಟ್ಟಿ ತಿಂದಿತ್ತು.

ಸರಿ, ಈಗ ನೆಟ್ಟಗೆ ಮಾಡು ಅಂದೆ. ಅವಳು ಹಳೆಯ ದನಿಗಳನ್ನು ನನ್ನ ಕಣ್ಣೆದುರು ಅಳಿಸಿ, ಖೋಲಿಯ ಪೂರಾ ವಿಳಾಸವನ್ನು ಪ್ರೋಗ್ರಾಮಿನಲ್ಲಿ ಬರೆದಳು. ಯಾವ ಕಂಪ್ಯೂಟರ್, ಯಾರ ಹೆಸರಿನ ಮನೆ, ಯಾವ ಖೋಲಿ ಅಂತ ಉದ್ದಕ್ಕೆ. ಸೊಸೆ ಗುಂಡಿ ಒತ್ತಿದಳು. ಸೀಟಿ ಇಲ್ಲದೆ ಮಾತಾಡಿತು. ಮಗ ಎದ್ದು ಹೊರಟ.

ನಾನು ಕೂರು ಅಂದೆ. ಇವರು ವರ್ಷದಲ್ಲಿ ಕೆಲವು ದಿನ ಕೊಂಢವಾದಲ್ಲಿರುವ ಮಗಳ ಮನೆಗೆ ಹೋಗುತ್ತಾರೆ. ಆಕೆಯೂ ಮುಂಜಾನೆ ಕೆಲಸಕ್ಕೆ ಹೋಗುವವಳು. ಅಲ್ಲಿಯೂ ಇದೇ ಪ್ರೋಗ್ರಾಂ ಮಾತಾಡಬೇಕು, ಆಕೆಯ ಕಂಪ್ಯೂಟರಿನಲ್ಲಿ. ಅಲ್ಲಿ ನಡೆಯುತ್ತದೋ ಅಂತ ಕೇಳಿದೆ. ಮೊಮ್ಮಗಳು ಆ ಖೋಲಿಯನ್ನು ಪೂರಾ ಹಾಗೇ ಕೊಂಢವಾಕ್ಕೆ ಕಳಿಸಿ, ಅಲ್ಲಿರುವ ಸೋದರತ್ತೆಗೆ ಫೋನು ಮಾಡಿ ಹಚ್ಚಿಸಿದಳು. ಅಲ್ಲಿ ಅದು ಬಾಯಿಯೇ ಬಿಡಲಿಲ್ಲ. ನಮ್ಮ ಮನೆಯ ವಿಳಾಸ ಕೊಂಢವಾದಲ್ಲಿ ಎಲ್ಲಿಂದ ಸಿಗಬೇಕು? ಮೇಲಾಗಿ ಆಕೆಯದು ಬೇರೆ ಜಾತಿಯ ಕಂಪ್ಯೂಟರ್. ನಮ್ಮದರಲ್ಲಿ ಒಂದು ಖೋಲಿಯ ಹೆಸರಿಗೂ ಇನ್ನೊಂದರ ಹೆಸರಿಗೂ ನಡುವೆ ಹಾಕುವ ಗೆರೆ ಒಂದು ಕಡೆ ವಾಲಿದರೆ ಅವರದರಲ್ಲಿ ಇನ್ನೊಂದು ಕಡೆ ವಾಲುತ್ತದಂತೆ.

ಆಗ ಅವಳು ಪೂರಾ ವಿಳಾಸವನ್ನು ತೆಗೆದು ಬೇರೆ ಬರೆದಳು. ಪೈಥಾನಿನಲ್ಲಿ ಪ್ರತಿ ಪ್ರೋಗ್ರಾಮಿಗೂ ಅದರ ಸ್ವಂತ ಜಾಗ ಹೇಳುವ ಒಂದು ಮಾತು ಇದೆಯಂತೆ. ಫೈಲ್ ಅನ್ನುವ ಪದ, ಹಿಂದೆ ಎರಡು ಅಡ್ಡಗೆರೆ, ಮುಂದೆ ಎರಡು ಅಡ್ಡಗೆರೆ. ನೀನು ಎಲ್ಲಿದ್ದೀ ಅಂತ ಪ್ರೋಗ್ರಾಮನ್ನೇ ಕೇಳುವುದು, ಅದು ಹೇಳಿದ ಜಾಗದಿಂದ ತನ್ನ ಹೆಸರು ಬಿಟ್ಟರೆ ಉಳಿಯುವುದು ಖೋಲಿ, ಆ ಖೋಲಿಯ ಹೆಸರಿಗೆ ದನಿಯ ಹೆಸರು ಜೋಡಿಸುವುದು. ಗೆರೆಯನ್ನೂ ಕೈಯಿಂದ ಬರೆಯುವುದಿಲ್ಲ, ಯಾವ ಕಡೆ ವಾಲಬೇಕೋ ಪೈಥಾನೇ ನೋಡಿಕೊಳ್ಳುತ್ತದೆ. ಕೊಂಢವಾದಲ್ಲಿ ಹಚ್ಚಿದರು. ಮಗಳು ಫೋನನ್ನು ಕಂಪ್ಯೂಟರಿಗೆ ಹಿಡಿದಳು, ಅಷ್ಟು ದೂರದಿಂದ ನನ್ನ ದನಿ ಏನ್ರೀ ಅಂದಿತು. ಇವರು ಮಂಚದ ಮೇಲಿಂದ, ಅಲ್ಲಿಗೂ ಬಂದಳಾ ಅಂದರು.

ಎಲ್ಲರಿಗೂ ಸಮಾಧಾನ ಆಯಿತು. ನನಗಾಗಲಿಲ್ಲ. ನಮ್ಮ ಗುಂಡಿ ಒತ್ತು ಅಂತ ಸೊಸೆಗೆ ಹೇಳಿದೆ. ಒತ್ತಿದಳು. ಈಗ ಇಲ್ಲಿ ಬಾಯಿ ಬಂದ್.

"ನೋಡಿದ್ಯಾ," ಅಂದೆ ಮಗನಿಗೆ.

ಮೊಮ್ಮಗಳ ಮುಖ ಕೆಂಪಾಯಿತು. ಬಗ್ಗಿ ನೋಡಿ, ಆ ಗುಂಡಿ ಪ್ರೋಗ್ರಾಂ ಅಲ್ಲ, ಪ್ರೋಗ್ರಾಮಿನ ಕಡೆ ಕೈ ತೋರಿಸುವ ಕೊಂಡಿ ಅಷ್ಟೇ ಅಂದಳು. ಕೊಂಡಿಯ ಮೂಲಕ ಕರೆದು ಎಲ್ಲಿದ್ದೀ ಅಂತ ಕೇಳಿದರೆ, ಅದು ಕೊಂಡಿ ಇರುವ ಜಾಗವನ್ನೇ ಹೇಳುತ್ತದೆ. ನಮ್ಮ ಓಣಿಯ ತುದಿಯಲ್ಲಿ ಗುಡಿಗೆ ದಾರಿ ಅಂತ ಹಲಗೆ ಹಾಕಿದ್ದಾರೆ. ಹಲಗೆಯ ಕೆಳಗೆ ನಿಂತು ವಿಠ್ಠಲನನ್ನು ಹುಡುಕಿದರೆ ಸಿಗುತ್ತಾನೆಯೇ? ಕೊಂಡಿ ಹಿಡಿದು ಕೊನೆಯ ತನಕ ಹೋಗಿ ಖರೇ ಜಾಗ ಹೇಳು ಅಂತ ಇನ್ನೊಂದು ಪದ ಸೇರಿಸಬೇಕಂತೆ. ರಿಸಾಲ್ವ್ ಅಂತ ಅದರ ಹೆಸರು. ಸೇರಿಸಿದಳು. ಗುಂಡಿ ಒತ್ತಿದರೆ ಮಾತಾಡಿತು. ಖೋಲಿಯೊಳಗಿಂದ ಕರೆದರೂ ಮಾತಾಡಿತು, ಪಡಸಾಲೆಯಿಂದ ಕರೆದರೂ ಮಾತಾಡಿತು. ಪೆನ್ ಡ್ರೈವಿಗೆ ಹಾಕಿ ಅದರಲ್ಲಿಂದ ಹಚ್ಚಿಸಿದೆ. ಖೋಲಿಯ ಹೆಸರು ಬದಲಿಸಿ ಹಚ್ಚಿಸಿದೆ. ಕೊಂಢವಾದವಳು ಚಹಾ ಮಾಡಬೇಕು ಅವ್ವ, ಸಾಕು ಬಿಡು ಅಂದರೂ ಬಿಡದೆ ಅಲ್ಲೂ ಹೊಸದನ್ನು ಹಚ್ಚಿಸಿದೆ. ಇಂದು ಏಕಾದಶಿ ಅಂತ ಅದಕ್ಕೆ ಸುಳ್ಳು ಹೇಳಿಸಿ ಹಚ್ಚಿಸಿದೆ. ಎಲ್ಲ ಕಡೆಯೂ ಹೇಳಬೇಕಾದ್ದನ್ನೇ ಹೇಳಿತು, ಸೀಟಿ ಇರಲಿಲ್ಲ.

ಮೊಮ್ಮಗಳು ಅಜ್ಜನ ಕಾಲ ಹತ್ತಿರ ಹೋಗಿ ಕೂತಳು. ಅವರು ಅವಳ ಜಡೆ ಹಿಡಿದು ಒಮ್ಮೆ ಎಳೆದರು. ಸಣ್ಣವಳಿದ್ದಾಗಿನಿಂದ ಹಾಗೇ ಎಳೆಯುತ್ತಾರೆ.

ನಾನು ಮಗನಿಗೆ ಕೀಲಿ ಕೊಡು ಅಂದೆ. ಅವನು ಕೊಡಲಿಲ್ಲ. ಸೀಟಿಯ ಮಾತು ಖರೇ ಇರಬಹುದು, ಆದರೂ ಒಮ್ಮೆ ಡಾಕ್ಟರಿಗೆ ತೋರಿಸುವುದರಲ್ಲಿ ತಪ್ಪೇನು, ಸರತಿ ಹಿಡಿದಾಗಿದೆ ಅಂದ.

"ಸಪ್ಪಳ ಕೇಳಿದ್ದು ಅವರೊಬ್ರ. ನಿಮ್ಮೆಲ್ಲರ ಕಿವಿ ತೋರಸ್ಕೊಂಡ ಬರ್ರಿ," ಅಂದೆ.

ಅವನು ನಾಳೆ ನೋಡೋಣ ಅಂದ. ನಾಳೆ ನೋಡೋಣ ಅನ್ನುವವರನ್ನು ನಾನು ಚೆನ್ನಾಗಿ ಬಲ್ಲೆ. ಅವನ ಅಪ್ಪನೂ ಅದನ್ನೇ ಅನ್ನುತ್ತಾರೆ.

ಸೋಮವಾರ ಮುಂಜಾನೆ ನಾನು ರೊಟ್ಟಿ ಕೇಂದ್ರಕ್ಕೆ ಹೋಗಲಿಲ್ಲ. ಮಗ ಜಳಕಕ್ಕೆ ಹೋದಾಗ ಗೂಟಕ್ಕೆ ತೂಗುಹಾಕಿದ್ದ ಅವನ ಪ್ಯಾಂಟಿನಿಂದ ಕೀಲಿ ತೆಗೆದೆ. ಟ್ರೆಜುರಿ ತೆರೆದು ಗುಳಿಗೆ ಡಬ್ಬಿಯನ್ನು ಅದರ ಹಳೆಯ ಜಾಗಕ್ಕೆ, ಇವರ ಮಂಚದ ಪಕ್ಕದ ಗೂಡಿಗೆ ಇಟ್ಟೆ. ಮಂಚದ ಕೆಳಗಿನಿಂದ ಕೋಲು ಎಳೆದು ಒರೆಸಿ ಗೋಡೆಗೆ ಆನಿಸಿದೆ. ಜಳಕ ಮುಗಿಸಿ ಬಂದ ಮಗ ಗೂಡು ನೋಡಿದ, ಕೋಲು ನೋಡಿದ, ನನ್ನನ್ನು ನೋಡಿದ. ಫೋನು ತೆಗೆದುಕೊಂಡು ಜಿನೆಕ್ಕೆ ಹೋಗಿ, ಸರತಿ ಬೇಡವಾಯಿತು ಅಂತ ಯಾರಿಗೋ ಮರಾಠಿಯಲ್ಲಿ ಹೇಳಿ, ಕೆಲಸಕ್ಕೆ ಹೋದ.

ಸೊಸೆ, ಮೊಮ್ಮಗಳು ಹೋದ ಮೇಲೆ ನನ್ನ ಫೋಟೋ ಇರುವ ಗುಂಡಿಯನ್ನು ನನ್ನ ಬೆರಳಿನಿಂದಲೇ ಒತ್ತಿದೆ. ಇವರಿಗೆ ಉಪ್ಪಿಟ್ಟು ಕೊಟ್ಟು, ನಾನೂ ಹೊರಟೆ ಅಂತ ಹೇಳಿ, ಬಾಗಿಲು ಸಪ್ಪಳ ಮಾಡಿ ಮುಚ್ಚಿ, ಒಳಖೋಲಿಯ ಪರದೆಯ ಹಿಂದೆ ನಿಂತೆ.

ಹೊತ್ತಾಯಿತು. ಏನ್ರೀ, ಕೇಳಿಸ್ತೇನ್ರಿ, ಅಂದಿತು ಪೆಟಗಿ.

"ಕೇಳಸ್ತದ," ಅಂದರು ಇವರು ಉಪ್ಪಿಟ್ಟು ಅಗಿಯುತ್ತ. "ಕಿವುಡ ಏನ ನಾ?"

ಕೊನೆಯ ತನಕ ಕಿವಿ ಕೊಟ್ಟು ಕೇಳಿದೆ, ಸೀಟಿ ಇಲ್ಲ. ಇವರು ತಟ್ಟೆ ಕೆಳಗಿಟ್ಟು, ಗೂಡಿಗೆ ಕೈ ಹಾಕಿ, ದೊಡ್ಡದನ್ನು ಬೆರಳಲ್ಲಿ ತಿರುಗಿಸಿ ನುಂಗಿದರು, ಸಣ್ಣದನ್ನು ನುಂಗಿದರು, ನೀರು ಕುಡಿದರು. ಟೊಪ್ಪಿಗೆ ಹಾಕಿಕೊಂಡು ಕೋಲು ಹಿಡಿದರು. ಬಾಗಿಲ ಹತ್ತಿರ ನಿಂತು, ಪರದೆಯ ಕಡೆ ತಿರುಗದೆ, "ಗುಡಿಗೆ ಹೋಗಿ ಬರ್ತೀನಿ. ಹಿಂದ ಬರಬ್ಯಾಡ," ಅಂದರು.

ಕೋಲಿನ ಸಪ್ಪಳ ಜಿನೆ ಇಳಿದು ಓಣಿಗೆ ಮುಟ್ಟುವ ತನಕ ನಿಂತೆ. ಆಮೇಲೆ ಅಡಿಗೆಮನೆಗೆ ಹೋಗಿ ಕುಕ್ಕರ್ ಇಟ್ಟೆ.